ದ್ವಿಪೌರತ್ವ ಮತ್ತು ವ್ಯಕ್ತಿಸ್ವಾತಂತ್ರ್ಯವಾದಿಗಳು

ಪುರದಲ್ಲಿ ವಾಸಿಸುವವನು ಪೌರನು. ಅವನ ಹಕ್ಕುಬಾಧ್ಯತೆಗಳ ಮೊತ್ತವೇ ಪೌರತ್ವವು ಎಂದು ನಮ್ಮ ಪಠ್ಯಪುಸ್ತಕಗಳು ತಿಳಿಸುತ್ತವೆ. ಕಲಘಟಗಿ ತಾಲೂಕಿನ ಸಣ್ಣ ಹಳ್ಳಿಯೊಂದರಲ್ಲಿ ಹುಟ್ಟಿ, ಮನೆತನದಲ್ಲಿ ಮೊದಲನೆಯವಳಾಗಿ ಪದವಿಯ ಹೊಸ್ತಿಲಿಗೆ ಬಂದ ನನಗೆ ಈ ವ್ಯಾಖ್ಯೆಯನ್ನು ಬರೆದು ಅಂಕ ಪಡೆಯುವದು ಕಷ್ಟವಾಗಲಿಲ್ಲ. ಆದರೆ ಒಬ್ಬ ಮನುಷ್ಯನು ಏಕಕಾಲಕ್ಕೆ ಎರಡು ದೇಶಗಳ ಪೌರನಾಗಿರಬಹುದೇ ಎಂದು ರಾಜ್ಯಶಾಸ್ತ್ರದ ತರಗತಿಯಲ್ಲಿ ನಮ್ಮ ಗುರುಗಳು ಕೇಳಿದಾಗ, ನನ್ನ ಮನಸ್ಸು ಪುಸ್ತಕವನ್ನು ಬಿಟ್ಟು ನಮ್ಮ ತಾಲೂಕಿನ ಗಡಿಯಾಚೆಗಿರುವ ಮುಂಡಗೋಡದ ಹೊಲವೊಂದಕ್ಕೆ ಹೋಯಿತು. ಅಲ್ಲಿಗೆ ನನ್ನ ಅವ್ವ ಕೂಲಿಗೆ ಹೋಗುತ್ತಾಳೆ. ಹೊಲ ಮಾಡುವವರು ಟಿಬೇಟದವರು. ಆ ಹೊಲದ ಮಾತು ಮುಂದೆ ಬರುವದು. ಮೊದಲು ವಿಚಾರವನ್ನು ನೋಡೋಣ.

ಲಿಬರ್ಟೇರಿಯನ್ನರೆಂದು ಹೆಸರಾದ ಒಂದು ಪಂಥವುಂಟು. ನಮ್ಮ ಭಾಷೆಯಲ್ಲಿ ವ್ಯಕ್ತಿಸ್ವಾತಂತ್ರ್ಯವಾದಿಗಳು ಎನ್ನಬಹುದು. ಮನುಷ್ಯನ ದೇಹ, ದುಡಿಮೆ, ಗಳಿಕೆಗಳು ಅವನವೇ. ಸರಕಾರವು ಇವುಗಳನ್ನು ಕಾಯುವ ಕಾವಲುಗಾರನೇ ಹೊರತು ಒಡೆಯನಲ್ಲ ಎಂಬದು ಅವರ ಮೂಲಸೂತ್ರ. ಹಾರ್ವರ್ಡ್ ವಿಶ್ವವಿದ್ಯಾಲಯದ ತತ್ತ್ವಜ್ಞ ರಾಬರ್ಟ್ ನೋಜಿಕ್‌ನು 1974ರಲ್ಲಿ ಪ್ರಕಟವಾದ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಗ್ರಂಥದಲ್ಲಿ, ಜನರು ತಮ್ಮ ರಕ್ಷಣೆಗೆಂದು ಕಟ್ಟಿಕೊಂಡ ಸಂಘಗಳಿಂದಲೇ ರಾಜ್ಯವು ಬೆಳೆದು ಬರಬಲ್ಲದೆಂದು ಕಲ್ಪಿಸಿದ್ದಾನೆ. ಈ ಕಲ್ಪನೆಯನ್ನು ಒಪ್ಪಿದರೆ ದ್ವಿಪೌರತ್ವದಲ್ಲಿ ದೋಷ ಕಾಣದು. ನಮ್ಮೂರಿನ ರೈತನು ಹಾಲಿನ ಸೊಸೈಟಿಗೂ ಸದಸ್ಯನು, ಪತ್ತಿನ ಸಂಘಕ್ಕೂ ಸದಸ್ಯನು. ಅವನನ್ನು ದ್ರೋಹಿ ಎಂದು ಯಾರೂ ಕರೆಯುವದಿಲ್ಲ. ಅಷ್ಟೇ ಅಲ್ಲ, ಗಿರಾಕಿ ಬೇರೆ ಅಂಗಡಿಗೆ ಹೋದಾನೆಂಬ ಅಂಜಿಕೆಯಿದ್ದ ಅಂಗಡಿಕಾರನು ತೂಕದಲ್ಲಿ ಹುಷಾರಾಗಿರುತ್ತಾನೆ. ಹಾಗೆಯೇ ಪೌರನಿಗೆ ಇನ್ನೊಂದು ಬಾಗಿಲು ತೆರೆದಿದ್ದರೆ ಸರಕಾರವೂ ಹದ್ದಿನಲ್ಲಿರುವದೆಂದು ಈ ಪಂಥದ ಹಲವರು ವಾದಿಸುವರು.

ನಮ್ಮ ಸಂವಿಧಾನವು ಬೇರೆ ದಾರಿ ಹಿಡಿದಿದೆ. ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಭಾರತದ ಪೌರನಲ್ಲವೆಂದು ಅದರ 9ನೆಯ ಅನುಚ್ಛೇದವು ಹೇಳುತ್ತದೆ. 1955ರ ಪೌರತ್ವ ಕಾಯಿದೆಯ 9ನೆಯ ಕಲಮೂ ಇದನ್ನೇ ವಿಧಿಸುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯಂತೆ ಇದು. ತುಮಕೂರು ಜಿಲ್ಲೆಯ ಶಿರಾ ತಾಲೂಕಿನಲ್ಲಿ ಹುಟ್ಟಿ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಚಂದ್ರ ಆರ್ಯ ಅವರು 2015ರಿಂದ 2025ರ ವರೆಗೆ ಕೆನಡಾದ ಸಂಸತ್ಸದಸ್ಯರಾಗಿದ್ದರು. 2022ರ ಮೇ ತಿಂಗಳಲ್ಲಿ ಆ ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಅದನ್ನು ಮೊಬೈಲಿನಲ್ಲಿ ನೋಡಿ ನಾವು ಗೆಳತಿಯರು ಹಿಗ್ಗಿದ್ದುಂಟು. ಕೆನಡಾ ದೇಶವು 1977ರಿಂದಲೇ ದ್ವಿಪೌರತ್ವಕ್ಕೆ ಒಪ್ಪಿದೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗನಿಗೆ ಅಡ್ಡ ಬರುವದು ನಮ್ಮ ಕಾಯಿದೆಯೇ.

ಈ ಸಂಗತಿಯನ್ನು ಅವ್ವನಿಗೆ ಹೇಳಿದಾಗ ಅವಳು ನಕ್ಕು, “ಹೆಣ್ಣಮಕ್ಕಳಿಗೆಲ್ಲಾ ಎರಡು ಮನಿ ಇರ್ತಾವಲ್ಲ! ತವರಿಗೂ ದುಡೀತೀವಿ, ಅತ್ತೀಮನಿಗೂ ದುಡೀತೀವಿ,” ಎಂದಳು. ನೋಜಿಕ್‌ನ ವಾದಕ್ಕಿಂತ ಇದು ನನಗೆ ಬೇಗ ತಿಳಿಯಿತು. ಮದುವೆಯಾಗಿ ಹೋದ ಮಗಳಿಗೂ ತವರಿನ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲೆಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯು ತಿದ್ದುಪಡಿಯಾಯಿತು. ಅಂದ ಮೇಲೆ ಗಾದೆಯನ್ನು ಕಾಯಿದೆಯೇ ಒಮ್ಮೆ ಮೀರಿದೆ.

ಅದೇ 2005ರಲ್ಲಿ ಪರದೇಶದ ಪೌರರಾದ ಭಾರತ ಮೂಲದವರಿಗೆ ಸರಕಾರವು ಓಸಿಐ ಕಾರ್ಡಿನ ಬಾಗಿಲನ್ನು ಅಗಲವಾಗಿ ತೆರೆಯಿತು. ಹೆಸರಿನಲ್ಲಿ ಪೌರತ್ವವಿದೆ, ಆದರೆ ಮತವಿಲ್ಲ, ಚುನಾವಣೆಗೆ ನಿಲ್ಲುವ ಹಕ್ಕಿಲ್ಲ. ಕುಂದಗೋಳದ ಮೆಣಸಿನಕಾಯಿ ಬೆಳೆಗಾರನ ಮೊಮ್ಮಗನು ಟೊರಾಂಟೊದಲ್ಲಿದ್ದು ಈ ಕಾರ್ಡು ಪಡೆದರೆ, ಅಜ್ಜನ ಹೊಲವು ವಾರಸಾಗಿ ಅವನಿಗೆ ಬರಬಹುದು; ಬದುವಿನಾಚೆಯ ಎರಡೆಕರೆಯನ್ನು ಮಾತ್ರ ಅವನು ಕೊಳ್ಳಲಾರನು.

ವ್ಯಕ್ತಿಸ್ವಾತಂತ್ರ್ಯವಾದಿಗಳೆಲ್ಲರೂ ದ್ವಿಪೌರತ್ವದ ಪರವಾಗಿದ್ದಾರೆಂದು ವಾಚಕರು ತಿಳಿಯಬಾರದು. ಎರಡು ಪೌರತ್ವವೆಂದರೆ ತಲೆಯ ಮೇಲೆ ಎರಡು ಸರಕಾರಗಳು ಎಂದು ಕೆಲವರು ಹಿಂಜರಿಯುವರು. ಅಮೇರಿಕೆಯು ತನ್ನ ಪೌರನು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಆದಾಯದ ಲೆಕ್ಕ ಕೇಳುತ್ತದೆ. ಮಿಲ್ಟನ್ ಫ್ರೀಡ್‌ಮನ್‌ನಂಥ ಅರ್ಥಶಾಸ್ತ್ರಜ್ಞನೇ, ಸರಕಾರವು ಜನರಿಗೆ ಪುಕ್ಕಟೆ ನೆರವು ಕೊಡುತ್ತಿರುವಷ್ಟು ದಿನ ವಲಸೆಯನ್ನು ಮುಕ್ತವಾಗಿಡಲಾಗದೆಂದು ಹೇಳಿದನು. ಹಾನ್ಸ್-ಹರ್ಮನ್ ಹೋಪ್ಪೆಯು ಇನ್ನೂ ಮುಂದೆ ಹೋಗಿ, ಹೊರಗಿನವನು ಒಳಗಿನವರ ಆಮಂತ್ರಣವಿದ್ದರಷ್ಟೇ ಬರತಕ್ಕದ್ದೆಂದನು. ಸ್ವಾತಂತ್ರ್ಯದ ಹೆಸರಿನಲ್ಲಿ ಬೇಲಿ ಹಾಕುವ ಈ ವಾದ ನನಗೆ ರುಚಿಸಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನಡುವಿನ ವಾದ. ಬ್ರಯಾನ್ ಕ್ಯಾಪ್ಲನ್ ಮೊದಲಾದವರದು ಅದು. ವಲಸೆ ಬಂದವನಿಗೆ ಮುಖ್ಯವಾಗಿ ಬೇಕಾದದ್ದು ಇರುವ, ದುಡಿಯುವ, ಗಳಿಸುವ ಸ್ವಾತಂತ್ರ್ಯ. ಅವನ ಮತಕ್ಕೆ ನೀವು ಅಂಜುವಿರಾದರೆ ಮತವನ್ನಷ್ಟೇ ತಡೆಯಿರಿ, ಅವನನ್ನು ತಡೆಯಬೇಡಿರಿ ಎನ್ನುವರು. ಓದುವಾಗ ಇದು ಬಹು ಯುಕ್ತವೆನಿಸಿತು. ಒಂದು ವಾರ ನಾನೂ ಇದನ್ನೇ ನಂಬಿದ್ದೆ.

ಇನ್ನು ಮುಂಡಗೋಡಕ್ಕೆ ಬರೋಣ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನರು ಬಂದರು. ಅಂದಿನ ಮೈಸೂರು ರಾಜ್ಯದಲ್ಲಿ ನಿಜಲಿಂಗಪ್ಪನವರು ಅವರಿಗೆ ಭೂಮಿ ಕೊಡಿಸಿದರು. ಬೈಲಕುಪ್ಪೆಯ ನಂತರ, 1966ರಲ್ಲಿ ಮುಂಡಗೋಡದ ವಸತಿಯು ಆರಂಭವಾಯಿತು. ಗಾಂದೆನ್, ಡ್ರೆಪುಂಗ್ ಎಂಬ ಪ್ರಾಚೀನ ಮಠಗಳು ಅಲ್ಲಿಯೇ ಮತ್ತೆ ನೆಲೆಗೊಂಡಿವೆ. ನಮ್ಮ ಜನ ಇದನ್ನು ಕ್ಯಾಂಪು ಎನ್ನುವರು.

ಅವ್ವ ಕೂಲಿಗೆ ಹೋಗುವ ಹೊಲದ ಹಿರಿಯ ಹೆಂಗಸು ಟಿಬೇಟದಲ್ಲಿ ಹುಟ್ಟಿ, ಎಳೆಯ ಹುಡುಗಿಯಾಗಿದ್ದಾಗ ತಂದೆತಾಯಿಗಳೊಡನೆ ಬಂದವರು. ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಾರೆ. ಅವ್ವ ಅವರನ್ನು ಅಕ್ಕಾರೆ ಎನ್ನುತ್ತಾಳೆ. ಕಾಯಿದೆಯ ದೃಷ್ಟಿಯಲ್ಲಿ ಅವರು ಪರದೇಶಿ. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಅವರ ಮಗನಾದರೋ 1982ರಲ್ಲಿ ಇಲ್ಲಿಯೇ ಹುಟ್ಟಿದವನು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವನು ಜನ್ಮದಿಂದಲೇ ಭಾರತದ ಪೌರನು. ಟಿಬೇಟದವರಿಗೂ ಇದು ಅನ್ವಯಿಸುವದೆಂದು 2010ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಹೇಳಿತು, 2013ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಹೇಳಿತು. 2014ರಲ್ಲಿ ಚುನಾವಣಾ ಆಯೋಗವು ಇಂಥವರನ್ನು ಮತದಾರರ ಯಾದಿಗೆ ಸೇರಿಸಲು ಸೂಚಿಸಿತು. ಆದರೆ 2017ರಲ್ಲಿ ವಿದೇಶಾಂಗ ಖಾತೆಯು ಪಾಸ್‌ಪೋರ್ಟು ಬೇಡುವ ಟಿಬೇಟದವರಿಗೆ ಕೆಲವು ಷರತ್ತುಗಳನ್ನು ಹಾಕಿತು: ನೋಂದಣಿ ಪತ್ರವನ್ನು ರದ್ದುಪಡಿಸಿಕೊಳ್ಳಬೇಕು, ನಿರಾಶ್ರಿತರ ವಸತಿಯಲ್ಲಿ ವಾಸಿಸಕೂಡದು, ಧರ್ಮಶಾಲೆಯ ಟಿಬೇಟಿ ಆಡಳಿತದ ಸವಲತ್ತು ಪಡೆಯಕೂಡದು. ಆ ಆಡಳಿತದ 1991ರ ಶಾಸನವಾದರೋ, ಅನಿವಾರ್ಯವಾಗಿ ಬೇರೆ ದೇಶದ ಪೌರನಾದ ಟಿಬೇಟಿಯನು ತನ್ನ ಮೂಲ ಪೌರತ್ವವನ್ನು ಉಳಿಸಿಕೊಳ್ಳಬಹುದೆಂದು ಹೇಳುತ್ತದೆ. ಕಾಲೂರಲು ಸ್ವಂತ ನೆಲವಿಲ್ಲದವರು ಎರಡು ಮನೆಗೆ ಒಪ್ಪಿದ್ದಾರೆ!

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ನಮ್ಮ ಮನೆಗೆ ಅಂಗೈಯಗಲ ಭೂಮಿಯಿಲ್ಲ. “ಎಲ್ಲಿಂದಲೋ ಬಂದವರಿಗೆ ಹೊಲಾ ಕೊಟ್ರು, ನಮಗ್ಯಾಕ ಕೊಡ್ಲಿಲ್ಲ?” ಎಂದು ಅಪ್ಪ ಅನೇಕ ಸಲ ಕೇಳಿದ್ದಾನೆ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅಕ್ಕಾರ ಹೊಲವು ಅವರ ಹೆಸರಿನಲ್ಲಿಲ್ಲವೆಂಬದು ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆಯೇ ಗೊತ್ತಾಯಿತು. ಒಂದೇ ಬದುವಿನ ಮೇಲೆ ಕುಳಿತು ಬುತ್ತಿ ಉಣ್ಣುವ ಇಬ್ಬರು ಹೆಂಗಸರಲ್ಲಿ ಒಬ್ಬಳಿಗೆ ಮತವಿದೆ, ಹೊಲವಿಲ್ಲ. ಇನ್ನೊಬ್ಬರಿಗೆ ಹೊಲವಿದೆ, ಮತವಿಲ್ಲ. ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ನಮ್ಮ ಓಣಿಗೆ ಬಂದು ಅವ್ವನಿಗೆ ಕೈಮುಗಿಯುತ್ತಾರೆ. ನಮ್ಮ ಓಣಿಗೆ ನಳ ಬಂದದ್ದು ಹಾಗೆಯೇ.

ಇದನ್ನು ಕಂಡ ಮೇಲೆ ಕ್ಯಾಪ್ಲನ್‌ನ ವಾದವು ನನಗೆ ಪೊಳ್ಳೆನಿಸಿತು. ಮತವಿಲ್ಲದೆ ಕೊಟ್ಟ ಸ್ವಾತಂತ್ರ್ಯವನ್ನು ಸರಕಾರವು ಒಂದು ಕಾಗದದಿಂದ ಕೊಡುತ್ತದೆ, ಇನ್ನೊಂದು ಕಾಗದದಿಂದ ಮೊಟಕು ಮಾಡುತ್ತದೆ. ಓಸಿಐ ಕಾರ್ಡಿನವರಿಗೂ ಹೀಗೆಯೇ ಆಯಿತು: ಸಂಶೋಧನೆ, ಪತ್ರಿಕಾವೃತ್ತಿ, ಧರ್ಮಪ್ರಚಾರಗಳಿಗೆ ವಿಶೇಷ ಅನುಮತಿ ಬೇಕೆಂದು 2021ರ ಮಾರ್ಚಿನಲ್ಲಿ ಅಧಿಸೂಚನೆ ಹೊರಟಿತು. ಅದನ್ನು ಪ್ರಶ್ನಿಸಲು ಅವರಿಗೆ ಶಾಸಕನಿಲ್ಲ. ಸರಕಾರವನ್ನು ಎಲ್ಲರಿಗಿಂತ ಹೆಚ್ಚು ಸಂಶಯಿಸುವ ಪಂಥದವರು, ಮತವಿಲ್ಲದ ವಲಸೆಗಾರನ ವಿಷಯದಲ್ಲಿ ಮಾತ್ರ ಅದೇ ಸರಕಾರದ ಒಳ್ಳೆಯತನವನ್ನು ನಂಬಿ ಕುಳಿತುಬಿಡುವದು ವಿಚಿತ್ರವಲ್ಲವೇ? ಅವರ ಸೂತ್ರಕ್ಕೆ ಅವರು ನಿಷ್ಠರಾಗಿದ್ದರೆ, ವಲಸೆಗಾರನಿಗೆ ಪೂರ್ಣ ಪೌರತ್ವವನ್ನೂ, ಹಿಂದಿನ ಮನೆಯನ್ನು ಬಿಡಬೇಕೆಂಬ ಷರತ್ತಿಲ್ಲದೆ, ಮೊದಲು ಕೇಳಬೇಕಾದವರು ಅವರೇ.

ಹೋದ ಸುಗ್ಗಿಯಲ್ಲಿ ಗೋವಿನಜೋಳದ ತೆನೆ ಮುರಿಯಲು ನಾನೂ ಅವ್ವನೊಡನೆ ಹೋಗಿದ್ದೆ. “ಅಕ್ಕಾರೆ, ಹುಡುಗ ಪಾಸ್‌ಪೋರ್ಟ್ ಮಾಡಿಸಿದ್ನೇನ್ರಿ?” ಎಂದು ಅವ್ವ ಕೇಳಿದಳು.

“ಅರ್ಜಿ ತುಂಬಿ ಇಟ್ಟಾನ. ಇನ್ನೂ ಕೊಟ್ಟಿಲ್ಲ,” ಎಂದರು ಅವರು. “ಕೊಟ್ರ ಅವ ಕ್ಯಾಂಪ್ ಬಿಡಬೇಕಂತ. ನಾ ಎಲ್ಲಿ ಹೋಗ್ಲಿ?”