ಅಮ್ಮನನ್ನು ಎಲ್ಲಿ ನೆನೆಯೋಣ?



ಒಮ್ಮೆ ನಮ್ಮ ಧರ್ಮಕೇಂದ್ರದ ಕಚೇರಿಗೆ ಒಬ್ಬರು ಬಂದು, ತಮ್ಮ ತಾಯಿಯ ವರ್ಷದ ಪೂಜೆಯನ್ನು ಬೆಳಗಿನ ಹೊತ್ತಿಗೆ ಬರೆಸಿಹೋದರು. ಮಧ್ಯಾಹ್ನ ಅವರ ತಮ್ಮ ಬಂದರು. ಅದೇ ತಾಯಿ, ಅದೇ ದಿನ. ಆದರೆ ಸಂಜೆಯ ಪೂಜೆ ಬೇಕೆಂದರು. "ಬೆಳಗಿನ ಪೂಜೆಗೆ ಅಣ್ಣ ಬರೆಸಿದ್ದಾರಲ್ಲ" ಎಂದೆ. "ಅದು ಅವರದು ಫಾದರ್, ಇದು ನಮ್ಮದು" ಎಂದರು. ನಾನು ಮರುಮಾತಾಡದೆ ಎರಡನ್ನೂ ಬರೆದುಕೊಂಡೆ. ಒಬ್ಬಳೇ ತಾಯಿಯ ಹೆಸರು ಒಂದೇ ಪುಟದಲ್ಲಿ ಎರಡು ಕಡೆ ನಿಂತಿತು. ಅಂದು ಸುಮ್ಮನಿದ್ದುದು ನನ್ನ ತಪ್ಪು. ಆಗ ಹೇಳಬೇಕಾಗಿದ್ದ ಮಾತನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ತೀರಿಹೋದ ತಾಯಿಯನ್ನು ಹೇಗೆ ನೆನೆಯಬೇಕು? ಈ ಪಾಠವನ್ನು ಕಲಿಸಬಲ್ಲ ಮಗನೊಬ್ಬ ನಮ್ಮ ಧರ್ಮಸಭೆಯಲ್ಲಿದ್ದಾನೆ. ಆತನೇ ಸಂತ ಅಗಸ್ಟೀನ್. ತಾಯಿ ಸಂತ ಮೋನಿಕಾ ತೀರಿಕೊಂಡು ಸುಮಾರು ಹತ್ತು ವರ್ಷಗಳಾದ ಮೇಲೆ, ತಮ್ಮ 'ಕನ್ಫೆಷನ್ಸ್' ಗ್ರಂಥದ ಒಂಬತ್ತನೆಯ ಭಾಗದಲ್ಲಿ ಅವರು ಆಕೆಯ ಬಾಳನ್ನು ನೆನೆದಿದ್ದಾರೆ.

ಪತ್ನಿ, ತಾಯಿ, ಅಜ್ಜಿ

ದಾರಿತಪ್ಪಿದ ಮಗನಿಗಾಗಿ ಕಣ್ಣೀರಿಟ್ಟ ತಾಯಿಯೆಂದೇ ನಾವು ಮೋನಿಕಾಳನ್ನು ಬಲ್ಲೆವು. ಆದರೆ ಆಕೆ ಪತ್ನಿಯೂ ಹೌದು, ಅಜ್ಜಿಯೂ ಹೌದು. ಉತ್ತರ ಆಫ್ರಿಕದ ತಗಾಸ್ತೆ ಆಕೆಯ ಊರು. ಇಂದಿನ ಅಲ್ಜೀರಿಯದ ಸೂಕ್ ಅಹ್ರಾಸ್ ಅದು. ಗಂಡ ಪತ್ರೀಸಿಯುಸ್ ಕ್ರೈಸ್ತನಲ್ಲ. ಮುಂಗೋಪಿ, ಪತ್ನಿಗೆ ನಿಷ್ಠನಾಗಿಯೂ ಇರಲಿಲ್ಲ. ಕೆಲಸದವರ ಚಾಡಿಮಾತು ಕೇಳಿ ಅತ್ತೆ ಮೊದಮೊದಲು ಸೊಸೆಯ ಮೇಲೆ ಸಿಟ್ಟಾಗಿದ್ದರು. ಮೋನಿಕಾಳ ತಾಳ್ಮೆಯೇ ಅತ್ತೆಯನ್ನು ಗೆದ್ದಿತು. ಗಂಡನೂ ಸಾಯುವ ಮೊದಲು ದೀಕ್ಷಾಸ್ನಾನ ಪಡೆದನು.

ತಾಯಿಯ ಒಂದು ಗುಣವನ್ನು ಮಗ ವಿಶೇಷವಾಗಿ ನೆನೆಯುತ್ತಾರೆ. ಜಗಳವಾಡಿದ ಇಬ್ಬರೂ ಬಂದು ಆಕೆಯಲ್ಲಿ ದೂರು ಹೇಳಿಕೊಳ್ಳುತ್ತಿದ್ದರು. ಒಬ್ಬರ ಕಹಿಮಾತನ್ನು ಆಕೆ ಇನ್ನೊಬ್ಬರಿಗೆ ಮುಟ್ಟಿಸುತ್ತಿರಲಿಲ್ಲ. ಇಬ್ಬರನ್ನೂ ಕೂಡಿಸಬಲ್ಲ ಮಾತನ್ನು ಮಾತ್ರ ಹೇಳುತ್ತಿದ್ದಳು. ನಮ್ಮ ಮನೆಗಳಲ್ಲೂ ಅಮ್ಮಂದಿರು ಮಾಡುವ ಕೆಲಸ ಇದೇ ಅಲ್ಲವೇ? ಅಣ್ಣ ಆಡಿದ್ದನ್ನು ತಮ್ಮನಿಗೆ ಹೇಳದೆ, ಸೊಸೆ ಅಂದದ್ದನ್ನು ಮಗಳಿಗೆ ತಿಳಿಸದೆ, ಎಷ್ಟೋ ಮಾತುಗಳನ್ನು ಅವರು ತಮ್ಮ ಸೆರಗಿನಲ್ಲೇ ಕಟ್ಟಿಕೊಂಡು ಹೋಗುತ್ತಾರೆ. ಅವರಿರುವ ತನಕ ಆ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರು ಹೋದ ಮೇಲೆ ಮನೆ ಬಿರುಕು ಬಿಟ್ಟಾಗಲೇ ನಮಗೆ ಅದು ತಿಳಿಯುವುದು.

ಮೊಮ್ಮಗ ಅದೆಯೊದಾತುಸ್ ಹುಟ್ಟಿದ್ದು ಮದುವೆಯಿಲ್ಲದ ಸಂಬಂಧದಲ್ಲಿ. ಆದರೂ ಅಜ್ಜಿ ಅವನನ್ನು ದೂರ ಇಡಲಿಲ್ಲ. 387ರ ಪಾಸ್ಖದಲ್ಲಿ ಮಿಲಾನ್ ನಗರದಲ್ಲಿ ಸಂತ ಆಂಬ್ರೋಸರು ಅಗಸ್ಟೀನರಿಗೂ ಅವನಿಗೂ ಒಟ್ಟಿಗೆ ದೀಕ್ಷಾಸ್ನಾನ ಕೊಟ್ಟರು. ಅದೇ ವರ್ಷ, ಊರಿಗೆ ಮರಳಲು ಹಡಗನ್ನು ಕಾಯುತ್ತಿದ್ದಾಗ, ರೋಮ್ ಬಳಿಯ ಒಸ್ತಿಯ ಬಂದರಿನಲ್ಲಿ ಮೋನಿಕಾ ಜ್ವರಕ್ಕೆ ತುತ್ತಾಗಿ ಒಂಬತ್ತನೆಯ ದಿನ ತೀರಿಕೊಂಡಳು. ಆಗ ಆಕೆಗೆ ಐವತ್ತಾರರ ವಯಸ್ಸು. ಉಸಿರು ನಿಂತೊಡನೆ ಗಟ್ಟಿಯಾಗಿ ಅತ್ತುಬಿಟ್ಟವನು ಆ ಮೊಮ್ಮಗನೇ. ದೊಡ್ಡವರು ಅವನನ್ನು ಸುಮ್ಮನಾಗಿಸಿದರು. ಅಗಸ್ಟೀನರು ಅಂದು ಎಲ್ಲರ ಮುಂದೆ ಅಳು ನುಂಗಿಕೊಂಡರು. ಆಮೇಲೆ ಒಬ್ಬರೇ ದೇವರ ಸನ್ನಿಧಿಯಲ್ಲಿ ಅತ್ತರು. ಅತ್ತದ್ದನ್ನು ಅವರು ಮುಚ್ಚಿಡಲಿಲ್ಲ. ಅಮ್ಮನಿಗಾಗಿ ಅಳುವುದು ವಿಶ್ವಾಸದ ಕೊರತೆಯಲ್ಲ.

ಹೊಗಳಿಕೆಗಿಂತ ಸತ್ಯ

ತಾಯಿಯ ತಪ್ಪನ್ನೂ ಈ ಮಗ ಮರೆಮಾಚಲಿಲ್ಲ. ಹುಡುಗಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳಿಸಿದರೆ, ಮೋನಿಕಾ ತುಸುತುಸುವೇ ಹೀರುತ್ತಾ ಕೊನೆಗೆ ಬಟ್ಟಲುಗಟ್ಟಲೆ ಕುಡಿಯುವಂತಾದಳು. ಕೆಲಸದ ಹುಡುಗಿಯೊಬ್ಬಳು ಜಗಳದಲ್ಲಿ ಕುಡುಕಿಯೆಂದು ಹಂಗಿಸಿದಾಗ ನಾಚಿ, ಅಂದೇ ಅದನ್ನು ಬಿಟ್ಟಳು. ಇದನ್ನೆಲ್ಲ ಬರೆದ ಮಗ, ಕೊನೆಗೆ ತಾಯಿಯ ಪಾಪಗಳ ಕ್ಷಮೆಗಾಗಿ ದೇವರಲ್ಲಿ ಮೊರೆಯಿಡುತ್ತಾರೆ.

ಪ್ರಿಯರೇ, ಇದರಲ್ಲಿ ನಮಗೊಂದು ಎಚ್ಚರಿಕೆಯಿದೆ. ಅಮ್ಮ ತೀರಿದೊಡನೆ "ಅವರು ದೇವತೆ, ನೇರ ಸ್ವರ್ಗಕ್ಕೇ ಹೋದರು" ಎನ್ನುತ್ತೇವೆ. ಪ್ರೀತಿಯ ಮಾತು, ನಿಜ. ಆದರೆ ಅಷ್ಟಕ್ಕೇ ನಿಂತರೆ ಅವರಿಗಾಗಿ ಪ್ರಾರ್ಥಿಸುವವರು ಯಾರು? ಮೃತರಿಗಾಗಿ ಪ್ರಾರ್ಥಿಸುವುದು ಅವರಿಗೆ ನಾವು ಮಾಡುವ ಅವಮಾನವಲ್ಲ. ನಾವು ಅವರಿಗೆ ಇನ್ನೂ ಸಲ್ಲಿಸಬಹುದಾದ ಸೇವೆ.

ಬಲಿಪೀಠದ ಬಳಿ

ಗಂಡನ ಸಮಾಧಿಯ ಪಕ್ಕದಲ್ಲೇ ಮಲಗಬೇಕೆಂದು ಮೋನಿಕಾ ಊರಿನಲ್ಲಿ ಜಾಗ ಸಿದ್ಧಮಾಡಿಸಿದ್ದಳು. ಹಾಸಿಗೆಯ ಬಳಿ ಇಬ್ಬರು ಗಂಡುಮಕ್ಕಳೂ ನಿಂತಿದ್ದರು. ತಾಯಿ ಪರದೇಶದಲ್ಲಿ ಸಾಯಬಾರದೆಂದು ಒಬ್ಬ ಮಗ ಹಂಬಲಿಸಿದ. ಆಕೆಯೇ ಆ ಆಸೆಯನ್ನು ಬಿಟ್ಟುಕೊಟ್ಟಳು. ಈ ದೇಹವನ್ನು ಎಲ್ಲಿ ಹೂಳಿದರೂ ಸರಿ, ಆದರೆ ನೀವು ಎಲ್ಲೇ ಇರಿ, ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಎಂಬುದೊಂದೇ ಆಕೆಯ ಕೋರಿಕೆ. ಒಸ್ತಿಯದ ಸಮಾಧಿಯ ಬರಹ ಶತಮಾನಗಳ ಕಾಲ ಮಣ್ಣಾಗಿತ್ತು. 1945ರಲ್ಲಿ ಅದರ ಒಂದು ತುಂಡು ಸಿಕ್ಕಿತು. ಆಕೆಯ ಅವಶೇಷಗಳನ್ನು 1430ರಲ್ಲಿ ರೋಮ್‌ಗೆ ಒಯ್ಯಲಾಯಿತು. ಕಲ್ಲು ಒಡೆದರೂ ಬಲಿಪೀಠದ ಬಳಿ ಆಕೆಯ ಸ್ಮರಣೆ ಮುಗಿಯಲಿಲ್ಲ. ಇಂದಿಗೂ ಆಗಸ್ಟ್ 27ರಂದು ಧರ್ಮಸಭೆ ಆಕೆಯನ್ನು ಸ್ಮರಿಸುತ್ತದೆ.

ಅಮ್ಮನ ಸಮಾಧಿಗೆ ಗ್ರಾನೈಟ್ ಹಾಕಿಸುವುದು, ಪತ್ರಿಕೆಯಲ್ಲಿ ಭಾವಚಿತ್ರ ಕೊಡುವುದು ತಪ್ಪಲ್ಲ. ಆದರೆ ಬಲಿಪೀಠದ ಬಳಿ ನೆನೆಯುವುದೆಂದರೆ ಪೂಜೆಗೆ ಹೆಸರು ಬರೆಸಿದಷ್ಟೇ ಅಲ್ಲ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂಬುದು ನೆನಪಾದರೆ, ಮೊದಲು ಹೋಗಿ ಅವನೊಡನೆ ರಾಜಿಯಾಗು ಎಂದು ಪ್ರಭು ಯೇಸು ಬೋಧಿಸಿದ್ದಾರೆ (ಮತ್ತಾಯ 5:23-24). ಒಂದೇ ಮಡಿಲಲ್ಲಿ ಬೆಳೆದವರು ಒಂದೇ ಬೆಂಚಿನಲ್ಲಿ ಕೂರಲಾರದಿದ್ದರೆ, ನಾವು ನೆನೆಯುತ್ತಿರುವುದು ಅಮ್ಮನನ್ನೋ ನಮ್ಮ ಹಟವನ್ನೋ?

ಮನೆಯಲ್ಲಿ ಚಿಂತಿಸಲು

1. ನಮ್ಮ ಅಮ್ಮ ಅಥವಾ ಅಜ್ಜಿ ಮನೆಯಲ್ಲಿ ಯಾರನ್ನು ಯಾರೊಡನೆ ಕೂಡಿಸಿಟ್ಟಿದ್ದರು? ಈಗ ಆ ಕೆಲಸವನ್ನು ಮಾಡುವವರು ಯಾರು?

2. ಅವರಿಗೆ ನಾವು ಕ್ಷಮಿಸದೆ ಉಳಿಸಿಕೊಂಡ ನೋವು ಏನಾದರೂ ಇದೆಯೇ? ಅದನ್ನು ಇಂದು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸೋಣ.

3. ಮುಂದಿನ ವರ್ಷದ ಪೂಜೆಗೆ ಮೊದಲು, ಮಾತು ಬಿಟ್ಟ ಅಣ್ಣನ ಅಥವಾ ತಂಗಿಯ ಮನೆಗೆ ಹೋಗಿ, "ಅಮ್ಮನ ಪೂಜೆ ಒಟ್ಟಿಗೆ ಇಡೋಣವೇ?" ಎಂದು ಕೇಳೋಣ.

ಪ್ರಾರ್ಥನೆ: ದಯಾಮಯ ಪ್ರಭುವೇ, ನಮ್ಮನ್ನು ಹೊತ್ತು ಹೆತ್ತು ಸಾಕಿದ ತಾಯಂದಿರಿಗೆ ನಿಮ್ಮ ಶಾಂತಿಯನ್ನು ದಯಪಾಲಿಸಿರಿ. ಅವರ ಕುಂದುಗಳನ್ನು ಮನ್ನಿಸಿರಿ. ಅವರು ಕಟ್ಟಿದ ಮನೆಯನ್ನು ಒಡೆಯದಂತೆ ನಮ್ಮನ್ನು ಕಾಪಾಡಿರಿ. ಆಮೆನ್.