ನಿಲ್ದಾಣದ ಹೊರೆಯಾಳು

ವಿಜಯಪುರದ ರೈಲು ನಿಲ್ದಾಣದಲ್ಲಿ ಇಳಿದವನು ಗೋಳಗುಮ್ಮಟವನ್ನು ಕಾಣಲು ಬಹಳ ದೂರ ನಡೆಯಬೇಕಾಗಿಲ್ಲ. ಪ್ರವಾಸಿಗಳ ದೃಷ್ಟಿಯೆಲ್ಲ ಆ ಗುಮ್ಮಟದ ಮೇಲೆಯೇ ನೆಡುವುದು ಸಹಜ. ತಿಕೋಟಾ, ಬಬಲೇಶ್ವರಗಳಿಗೆ ರೈಲುಹಳಿಗಳು ಹೋಗಿಲ್ಲ; ಆ ಕಡೆಯ ಜನರು ಗಾಡಿ ಹಿಡಿಯಲು ಗಂಟುಮೂಟೆಗಳೊಡನೆ ಈ ನಿಲ್ದಾಣಕ್ಕೇ ಬರುತ್ತಾರೆ. ಅವರ ಗಮನವೋ ಗುಮ್ಮಟದ ಮೇಲಲ್ಲ, ಹೊರೆಯ ಮೇಲೆ. ಈ ಹೊರೆಯನ್ನು ಎತ್ತುವವರು ಯಾರು? ಎತ್ತುವ ಹಕ್ಕು ಯಾರದು? ಮೇಲ್ನೋಟಕ್ಕೆ ಅಲ್ಪವೆಂದು ತೋರುವ ಈ ಪ್ರಶ್ನೆಯು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದಿದೆ.

1876-78ರ ಭೀಕರ ಬರಗಾಲದಲ್ಲಿ ಈ ಸೀಮೆಯು ಅನ್ನವಿಲ್ಲದೆ ತತ್ತರಿಸಿತು. ಧಾನ್ಯವನ್ನು ಬೇಗನೆ ಸಾಗಿಸುವ ಮಾರ್ಗವಿಲ್ಲದಿದ್ದುದು ಸಾವುನೋವುಗಳನ್ನು ಹೆಚ್ಚಿಸಿತು. ಆ ಬಳಿಕ ಸದರ್ನ್ ಮರಾಠಾ ರೈಲ್ವೆಯು ಹೊಟಗಿಯಿಂದ ವಿಜಯಪುರದ ಮೇಲೆ ಗದುಗಿನವರೆಗೆ ಮೀಟರ್‌ಗೇಜ್ ಹಳಿಯನ್ನು ಹಾಕಿತು. ಆದರೆ ಹೊಟಗಿಯ ಆಚೆಗಿದ್ದ ಹಳಿಯು ಅಗಲವಾದುದು. ಒಂದು ಹಳಿಯ ಡಬ್ಬಿ ಇನ್ನೊಂದರ ಮೇಲೆ ಓಡಲಾರದು. ಆದುದರಿಂದ ಹಳಿಗಳು ಕೂಡುವೆಡೆಯಲ್ಲಿ ಚೀಲಚೀಲವನ್ನೂ ಇಳಿಸಿ ಮತ್ತೊಂದು ಗಾಡಿಗೆ ಏರಿಸಬೇಕಾಗುತ್ತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಮಾರ್ಗವು ಬ್ರಾಡ್‌ಗೇಜ್ ಆಗುವವರೆಗೂ ಇದು ತಪ್ಪಲಿಲ್ಲ. ಎಂಜಿನ್ನಿನ ಬಲವನ್ನು ಎಲ್ಲರೂ ಹೊಗಳುತ್ತಾರೆ. ಹಳಿಗಳ ನಡುವಣ ಅಂತರವನ್ನು ತುಂಬಿದ್ದು ಮಾತ್ರ ಮನುಷ್ಯನ ಬೆನ್ನು.

ನಿಲ್ದಾಣದ ದುಡಿಮೆಯಲ್ಲಿ ಬಗೆಬಗೆಯ ಅಂತಸ್ತುಗಳುಂಟು. ಹಸಿರು ನಿಶಾನೆ ತೋರಿಸುವವನು ರೈಲ್ವೆಯ ನೌಕರ. ಅವನಿಗೆ ತಿಂಗಳ ಸಂಬಳ, ರಜೆ, ನಿವೃತ್ತಿಯ ಸೌಲಭ್ಯಗಳಿವೆ. ಪ್ರಯಾಣಿಕರ ಸಾಮಾನು ಹೊರುವ ಕೆಂಪಂಗಿಯ ಹಮಾಲನು ಪರವಾನಗಿ ಪಡೆದವನು. ಅವನ ತೋಳಿನ ಬಿಲ್ಲೆಯನ್ನು ಕೊಡುವುದು ರೈಲ್ವೆ, ಹೊರೆಗೆ ಇಷ್ಟು ಎಂದು ದರ ಗೊತ್ತುಮಾಡುವುದೂ ರೈಲ್ವೆ. ಸಂಬಳ ಮಾತ್ರ ಇಲ್ಲ. ಬಿಲ್ಲೆಯಿಲ್ಲದವನು ಅಲ್ಲಿ ಹೊರೆ ಹೊರುವಂತಿಲ್ಲ. ಬಿಲ್ಲೆಯುಳ್ಳವನು ನೌಕರನೂ ಅಲ್ಲ. ವಿಚಿತ್ರವಾದ ಏರ್ಪಾಡೇ ಸರಿ! ಇನ್ನು ಪಾರ್ಸೆಲ್ ಪೆಟ್ಟಿಗೆಗಳನ್ನು ಏರಿಳಿಸುವವನು ಅನೇಕ ಕಡೆ ಗುತ್ತಿಗೆದಾರನ ಆಳು. ಅವನ ಹೆಸರು ರೈಲ್ವೆಯ ಯಾವ ಹಾಜರಿ ಪುಸ್ತಕದಲ್ಲಿಯೂ ಇರುತ್ತಿರಲಿಲ್ಲ.

1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರದಲ್ಲಿ ಸುಮಾರು 17 ಲಕ್ಷ ಕಾರ್ಮಿಕರು ಪಾಲ್ಗೊಂಡರು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ದಿನಗೂಲಿಯವರನ್ನು ಖಾಯಂಗೊಳಿಸಬೇಕೆಂಬುದೂ ಅಂದಿನ ಬೇಡಿಕೆಗಳಲ್ಲಿ ಒಂದಾಗಿತ್ತು. ಮುಷ್ಕರವು ಮುರಿದುಬಿತ್ತು. ಗುತ್ತಿಗೆಯ ಆಳು ಇದ್ದಲ್ಲಿಯೇ ಉಳಿದನು.

ಆದರೆ ಅವನ ಕೈಗೆ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯು ಒಂದು ಆಧಾರವನ್ನು ಕೊಟ್ಟಿತ್ತು. ಯಾವುದಾದರೊಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸುವ ಮುನ್ನ ಆ ಕೆಲಸವು ನಿತ್ಯ ನಡೆಯತಕ್ಕದ್ದೋ ಎಂಬುದನ್ನು ಸರ್ಕಾರವು ನೋಡಬೇಕಾಗಿತ್ತು. ನಿತ್ಯದ ಕೆಲಸವೆಂದರೇನು? ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೊಯ್ಲು ಮುಗಿಯಿತೆಂದರೆ ಕೊಯ್ಯುವ ಕೂಲಿಯೂ ಮುಗಿಯಿತು. ಮುಂದಿನ ಹಂಗಾಮಿನವರೆಗೆ ತೋಟದ ಒಡೆಯನಿಗೆ ಅಷ್ಟು ಜನ ಬೇಡ. ರೈಲಿನ ಪಾರ್ಸೆಲ್ಲಿಗೆ ಹಂಗಾಮಿಲ್ಲ. ಇಂದು ಬಂದ ಗಾಡಿ ನಾಳೆಯೂ ಬರುತ್ತದೆ. ಗುತ್ತಿಗೆದಾರನು ಬದಲಾಗುತ್ತಾನೆ, ಪೆಟ್ಟಿಗೆಗಳೂ ಅವನ್ನು ಎತ್ತುವ ರಟ್ಟೆಗಳೂ ಅವೇ.

ಪಾರ್ಸೆಲ್ ಹಮಾಲರ ಪರವಾಗಿ ಅವರ ರಾಷ್ಟ್ರೀಯ ಒಕ್ಕೂಟವು ಹೂಡಿದ ಮೊಕದ್ದಮೆಯಲ್ಲಿ ಈ ಮಾತೇ ತಿರುಳಾಯಿತು. ಕಾರ್ಮಿಕ ಇಲಾಖೆಯ ಅಧಿಕಾರಿಯು ವಿಚಾರಣೆ ನಡೆಸಿ, ಕೆಲಸವು ಶಾಶ್ವತ ಸ್ವರೂಪದ್ದೆಂದು ವರದಿ ಮಾಡಿದರು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ರೈಲ್ವೆಯ ಖಾಯಂ ಪಾರ್ಸೆಲ್ ಹಮಾಲರನ್ನಾಗಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ಓದು ಇಷ್ಟಿರಬೇಕೆಂಬ ನಿಯಮವನ್ನು ಅವರಿಗೆ ಹಚ್ಚಬಾರದು, ಹೆಚ್ಚು ವರ್ಷ ದುಡಿದವನಿಗೆ ಮೊದಲ ಸ್ಥಾನ ಸಲ್ಲಬೇಕು ಎಂದೂ ಹೇಳಿತು. ರೈಲ್ವೆಯ ಅನುಕೂಲವನ್ನೂ ಅದು ಮರೆಯಲಿಲ್ಲ. ನಿತ್ಯವಾಗಿ ದೊರೆಯುವ ಕೆಲಸಕ್ಕೆ ಎಷ್ಟು ಜನ ಬೇಕೋ ಅಷ್ಟೇ ಮಂದಿ, ದೇಹದಾರ್ಢ್ಯವುಳ್ಳವರು, ನಿವೃತ್ತಿಯ ವಯಸ್ಸು ಮೀರದವರು. ಬಾಳೆಲ್ಲ ಹೊತ್ತು ಬೆನ್ನು ಬಾಗಿದವನ ಪಾಲಿಗೆ ಈ ಕೊನೆಯ ಷರತ್ತುಗಳು ಕಠಿಣವಾದುವೇ.

ಕೆಂಪಂಗಿಯ ಹಮಾಲರ ದಾರಿ ಬೇರೆ. 2008ರ ರೈಲ್ವೆ ಆಯವ್ಯಯ ಪತ್ರದಲ್ಲಿ ಸಚಿವ ಲಾಲು ಪ್ರಸಾದರು ಅವರನ್ನು ಗ್ಯಾಂಗ್‌ಮನ್ ಮುಂತಾದ ಹುದ್ದೆಗಳಿಗೆ ತೆಗೆದುಕೊಳ್ಳುವುದಾಗಿ ಸಾರಿದರು. ಸಾವಿರಾರು ಜನರು ಬಿಲ್ಲೆಯನ್ನು ಬಿಟ್ಟು ಹಳಿಯ ಕೆಲಸಕ್ಕೆ ಸೇರಿದರು. ಉಳಿದವರಿಗೆ 2016ರಲ್ಲಿ ‘ಸಹಾಯಕ’ರೆಂಬ ಹೊಸ ಹೆಸರು ದೊರೆಯಿತು. ಹೆಸರು ಗೌರವದ್ದೇ. ಅಷ್ಟರಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಗೆ ಗಾಲಿಗಳು ಮೂಡಿದ್ದುವು.

ಗುತ್ತಿಗೆಯ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಗುತ್ತಿಗೆಯನ್ನು ನಿಷೇಧಿಸಿದ ಮಾತ್ರಕ್ಕೆ ಕಾರ್ಮಿಕನು ತಾನಾಗಿಯೇ ಮೂಲ ಸಂಸ್ಥೆಯ ನೌಕರನಾಗುವುದಿಲ್ಲವೆಂದು 2001ರಲ್ಲಿ, ಉಕ್ಕಿನ ಕಾರ್ಖಾನೆಗಳ ಮೊಕದ್ದಮೆಯೊಂದರಲ್ಲಿ, ಐವರು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. 1970ರ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂದಿತು. ಸಂಸ್ಥೆಯ ಮುಖ್ಯ ಕಾರ್ಯಗಳಲ್ಲಿ ಗುತ್ತಿಗೆಯನ್ನು ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ಆವರಣದೊಳಗೆ ಸರಕನ್ನು ಏರಿಳಿಸುವುದನ್ನು, ಸಂಸ್ಥೆಯು ಅದಕ್ಕಾಗಿಯೇ ಸ್ಥಾಪಿತವಾಗಿದ್ದ ಹೊರತು, ಮುಖ್ಯ ಕಾರ್ಯವೆಂದು ಎಣಿಸುವುದಿಲ್ಲ. ಧಾನ್ಯ ಸಾಗಿಸಲೆಂದು ಬರಗಾಲದ ಸೀಮೆಗೆ ಬಂದ ರೈಲಿಗೆ ಚೀಲ ಏರಿಸುವ ಕೆಲಸವು ಮುಖ್ಯವೋ ಅಮುಖ್ಯವೋ ಎಂಬ ವಾದಕ್ಕೆ ಇನ್ನೂ ಎಡೆಯಿದೆ.