ಹರಿದರೆ ಹರಿಯಲಿ, ನುಂಗದಿರಲಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್ ಶೇರುಗೆ ಈಗ ಹತ್ತು ತಿಂಗಳು. ಎಂಥ ಆಟಿಕೆ ತಂದುಕೊಟ್ಟರೂ ಸಂಜೆಯೊಳಗೆ ಚೂರುಚೂರು. ಹೋದ ವಾರ ನೀಲಿ ರಬ್ಬರ್ ಚೆಂಡನ್ನು ಹರಿದುಹಾಕಿ, ಮಾರನೇ ದಿನ ಅದರದೊಂದು ತುಂಡನ್ನು ವಾಂತಿ ಮಾಡಿಕೊಂಡ. ಈಗ ಊಟ ಮಾಡುತ್ತಾನೆ, ಚೆನ್ನಾಗಿಯೇ ಇದ್ದಾನೆ. ಅಂಗಡಿಯವರು ಒಂದು ಗಟ್ಟಿ ನೈಲಾನ್ ಮೂಳೆ ತೋರಿಸಿ, ‘ಹುಲಿ ಬಂದರೂ ಇದನ್ನ ಮುರಿಯೋಕಾಗಲ್ಲ’ ಅನ್ನುತ್ತಾರೆ. ನಮ್ಮತ್ತೆಯವರು, ‘ಎರಡು ಕೋಳಿ ಮೂಳೆ ಹಾಕು, ನಮ್ಮ ಕಾಲದಲ್ಲಿ ನಾಯಿಗೆ ಯಾರು ಆಟದ ಸಾಮಾನು ತರ್ತಿದ್ರು’ ಅನ್ನುತ್ತಾರೆ. ಮಗ ತನ್ನ ಹಳೇ ಚಪ್ಪಲಿ ಕೊಟ್ಟು ಸುಮ್ಮನಾಗಿಸುತ್ತಾನೆ. ಹಗಲಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಮಧ್ಯಾಹ್ನ ಮಲಗಿರುತ್ತಾರೆ. ಏನು ಕೊಡೋಣ?
— ಹೆಸರು ಬೇಡ, ದಾವಣಗೆರೆ

ಉತ್ತರ: ಏನು ಕೊಡಬೇಕೆಂಬುದು ಆಮೇಲೆ. ಮೊದಲು ಆ ನೀಲಿ ಚೆಂಡಿನ ಲೆಕ್ಕ ಚುಕ್ತಾ ಮಾಡೋಣ. ಚೂರುಗಳನ್ನು ಎಸೆದಿಲ್ಲವಾದರೆ ನೆಲದ ಮೇಲೆ ಜೋಡಿಸಿ ನೋಡಿ. ಚೆಂಡು ಪೂರ್ತಿಯಾದರೆ ನೆಮ್ಮದಿ. ಒಂದು ತುಂಡು ಕಡಿಮೆ ಬಿದ್ದರೂ, ಅಥವಾ ಎಲ್ಲವನ್ನೂ ಗುಡಿಸಿ ಹಾಕಿಬಿಟ್ಟಿದ್ದರೂ, ಶೇರುವನ್ನು ನಿಮ್ಮ ಪಶುವೈದ್ಯರಿಗೆ ತೋರಿಸಿ. ಊಟ ಮಾಡುತ್ತಾನೆ ಅನ್ನುವುದೊಂದೇ ಸಾಲದು. ರಬ್ಬರ್ ತುಂಡು ಹೊಟ್ಟೆಯಲ್ಲಿ ವಾರಗಟ್ಟಲೆ ಸುಮ್ಮನೆ ಕೂತಿದ್ದು, ಒಂದು ದಿನ ಕರುಳಿಗಿಳಿದು ಅಲ್ಲಿ ಅಡ್ಡ ನಿಲ್ಲುವುದುಂಟು. ಹೊಟ್ಟೆಯಲ್ಲಿರುವಾಗಲೇ ಗೊತ್ತಾದರೆ ಎಂಡೋಸ್ಕೋಪ್ ಇರುವ ಕಡೆ ಹೊಟ್ಟೆ ಕೊಯ್ಯದೆ ತೆಗೆಯಬಹುದು. ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಹೋಗುವಾಗ ಚೆಂಡಿನ ಚೂರೊಂದನ್ನು ಜೊತೆಗೆ ಒಯ್ಯಿರಿ. ಎಲ್ಲ ರಬ್ಬರೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಬಟ್ಟೆಯಂತೂ ಕಾಣುವುದೇ ಕಷ್ಟ. ಏನನ್ನು ಹುಡುಕುತ್ತಿದ್ದೇವೆಂದು ಗೊತ್ತಿದ್ದರೆ ಸ್ಕ್ಯಾನಿಂಗ್ ಬೇಕೋ ಬೇಡವೋ ಎಂದು ಅವರು ಬೇಗ ತೀರ್ಮಾನಿಸುತ್ತಾರೆ.

ಇನ್ನು ಮುಂದೆ ಯಾವತ್ತೇ ಆಗಲಿ ಮೇಲಿಂದ ಮೇಲೆ ವಾಂತಿ, ಕುಡಿದ ನೀರೂ ನಿಲ್ಲದಿರುವುದು, ಮಲ ಹೋಗದಿರುವುದು, ಹೊಟ್ಟೆ ಮುಟ್ಟಿದರೆ ನರಳುವುದು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಲೇಬೇಡಿ. ಉಪ್ಪೇ ವಿಷವಾದೀತು.

ಈಗ ಆಟಿಕೆಗೆ ಬರೋಣ. ನಿಮ್ಮ ಪತ್ರದಲ್ಲಿ ‘ಚೂರುಚೂರು’ ಎಂಬುದೇ ದೊಡ್ಡ ದೂರು. ನನಗೆ ಅದು ದೂರೇ ಅಲ್ಲ. ಹರಿಯುವುದು ನಾಯಿಯ ಹುಟ್ಟುಗುಣ, ಅದರಲ್ಲಿ ಅದಕ್ಕೊಂದು ಸುಖವಿದೆ. ನಾಯಿಗಳಲ್ಲಿ ಹರಿದು ಉಗುಳುವವು ಬೇರೆ, ಹರಿದು ನುಂಗುವವು ಬೇರೆ. ಮೊದಲಿನದಕ್ಕೆ ಹಳೇ ರಟ್ಟಿನ ಡಬ್ಬಿ ಕೊಟ್ಟು, ಪಿನ್ನು, ಟೇಪು ಕಿತ್ತು, ಎದುರಿಗೆ ಕೂತರೆ ಸಾಕು. ಹತ್ತು ನಿಮಿಷದ ಹಬ್ಬ. ಎರಡನೆಯದಕ್ಕೆ ಮೆತ್ತನೆಯ ಯಾವುದೂ ಆಟಿಕೆಯಲ್ಲ, ಅದು ಊಟ. ನಿಮ್ಮ ಶೇರು ಎರಡನೇ ಪಂಗಡದವನು. ಅವನ ಜಾತಿಯ ಮೇಲೂ ಸ್ವಲ್ಪ ತಪ್ಪು ಹೊರಿಸಬಹುದು: ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವೆಗೆ ಸಂಬಂಧಿಸಿದ ಒಂದು ಜೀನ್‌ನಲ್ಲಿ ಕೊರತೆ ಇದೆ ಎಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗೆ ತಿನ್ನುವ ಆಸೆ ಉಳಿದವಕ್ಕಿಂತ ಜಾಸ್ತಿ.

ಆದ್ದರಿಂದ ಮುರಿಯದ ಆಟಿಕೆ ಹುಡುಕುವುದೇ ಉಪಾಯ ಅನ್ನಿಸುತ್ತದೆ. ಅಂಗಡಿಯವರು ಮಾರುವುದೂ ಆ ಆಸೆಯನ್ನೇ. ಹುಲಿಯ ಹಲ್ಲಿಗೂ ಮುರಿಯದ್ದು ಶೇರುವಿನ ಹಲ್ಲಿಗೆ ಮುರಿದೀತೇ? ಆಗ ಮುರಿಯುವುದು ಹಲ್ಲು. ಮೇಲಿನ ಸಾಲಿನಲ್ಲಿ ಕೆನ್ನೆಯ ಬದಿಗೆ ಎಲ್ಲಕ್ಕಿಂತ ದೊಡ್ಡ ಹಲ್ಲೊಂದಿದೆ. ಗಟ್ಟಿ ವಸ್ತು ಕಡಿಯುವಾಗ ಅದರ ಹೊರಮೈ ಚಕ್ಕೆಯಾಗಿ ಎದ್ದುಬರುತ್ತದೆ. ಒಳಗಿನ ನರ ಬಯಲಾಗಿ ಕೀವು ತುಂಬುತ್ತದೆ, ಕಣ್ಣ ಕೆಳಗೆ ಊದಿಕೊಳ್ಳುತ್ತದೆ. ನಾಯಿ ಊಟ ಬಿಡುವುದಿಲ್ಲವಾದ್ದರಿಂದ ಮನೆಯವರಿಗೆ ತಿಂಗಳುಗಟ್ಟಲೆ ತಿಳಿಯುವುದೂ ಇಲ್ಲ. ಹತ್ತು ತಿಂಗಳಿಗೆ ಶೇರುವಿಗೆ ನಲವತ್ತೆರಡು ಶಾಶ್ವತ ಹಲ್ಲೂ ಬಂದಾಗಿದೆ. ಹೋದದ್ದು ಮತ್ತೆ ಬರುವುದಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹೆಬ್ಬೆರಳ ಉಗುರಿನಿಂದ ಆಟಿಕೆಯನ್ನು ಒತ್ತಿ. ಚೂರಾದರೂ ತಗ್ಗಬೇಕು, ಬಿಟ್ಟರೆ ಮತ್ತೆ ಎದ್ದುಬರಬೇಕು. ಉಗುರು ಕೂರದಿದ್ದರೆ ಅಲ್ಲೇ ಇಟ್ಟು ಬನ್ನಿ. ಈ ಪರೀಕ್ಷೆಯಲ್ಲಿ ನೈಲಾನ್ ಮೂಳೆ, ಜಿಂಕೆ ಕೊಂಬು, ದನದ ಗೊರಸು, ಹಿಮಾಲಯದ ಕಡೆಯಿಂದ ಬರುವ ಗಟ್ಟಿ ಚೀಸಿನ ಕಡ್ಡಿ, ಎಲ್ಲವೂ ಫೇಲು. ನಮ್ಮ ತೆಂಗಿನ ಚಿಪ್ಪೂ ಅಷ್ಟೇ. ಅದರ ನಾರಂತೂ ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ.

ಡಬ್ಬದ ಮೇಲಿನ ‘ಸೇಫ್’ ಎಂಬ ಮಾತನ್ನು ನಂಬಬೇಡಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನಾಯಿಯ ಆಟಿಕೆ ಆ ಆದೇಶದೊಳಗೆ ಬರುವುದಿಲ್ಲ. ಹಾಗೆಂದು ಮಕ್ಕಳ ಆಟಿಕೆಯನ್ನೇ ಕೊಡೋಣ ಅನ್ನಬೇಡಿ, ಅದನ್ನು ನಾಯಿಯ ದವಡೆಯನ್ನು ಲೆಕ್ಕಕ್ಕಿಟ್ಟು ಮಾಡಿರುವುದಿಲ್ಲ.

ಕೊಳ್ಳುವುದಾದರೆ ದಪ್ಪ ಗೋಡೆಯ, ಒಳಗೆ ಟೊಳ್ಳಿರುವ ರಬ್ಬರಿನದು ಕೊಳ್ಳಿ. ಈ ಜಾತಿಯ ಆಟಿಕೆಗೆ ಹೆಸರಾದ ಕಾಂಗ್ ಹುಟ್ಟಿದ್ದೂ ನಿಮ್ಮಂಥದೇ ಕಷ್ಟದಿಂದ. 1970ರ ದಶಕದಲ್ಲಿ ಅಮೆರಿಕದ ಡೆನ್ವರ್ ಕಡೆಯ ಜೋ ಮಾರ್ಕಮ್ ಎಂಬವರ ಜರ್ಮನ್ ಶೆಫರ್ಡ್ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತಂತೆ. ವ್ಯಾನ್ ರಿಪೇರಿ ಮಾಡುವಾಗ ಎಸೆದ ಸಸ್ಪೆನ್ಷನ್ನಿನ ರಬ್ಬರ್ ತುಂಡೊಂದಕ್ಕೆ ಅದು ಮರುಳಾಯಿತು. ಅವರ ಕಪ್ಪು ಬಣ್ಣದ್ದು ಜೋರಾಗಿ ಕಡಿಯುವ ನಾಯಿಗಳಿಗೆಂದೇ ಮಾಡಿದ್ದು. ಬೇರೆ ಯಾವುದನ್ನು ಕೊಂಡರೂ ಎರಡು ಸಂಗತಿ ನೋಡಿ. ಒಂದು, ಅಳತೆ: ಇಡೀ ಆಟಿಕೆ ಬಾಯಿಯ ಹಿಂಭಾಗದ ಹಲ್ಲಿನಾಚೆ ಜಾರುವಂತಿರಬಾರದು. ಎರಡಳತೆಯ ನಡುವೆ ಅನುಮಾನ ಬಂದರೆ ದೊಡ್ಡದೇ ಇರಲಿ. ಇನ್ನೊಂದು, ತೂತು: ಟೊಳ್ಳು ಆಟಿಕೆಗೆ ಒಂದೇ ತೂತಿದ್ದರೆ ನೆಕ್ಕುವಾಗ ಒಳಗೆ ಗಾಳಿಯಿಲ್ಲದಂತಾಗಿ ನಾಲಿಗೆ ಅಲ್ಲೇ ಕಚ್ಚಿಕೊಂಡು ಊದುತ್ತದೆ. ಎರಡು ತೂತು ಬೇಕೇ ಬೇಕು.

ಹಗ್ಗದ ಆಟಿಕೆ ಶೇರುವಿಗೆ ಬೇಡ. ನುಂಗಿದ ದಾರದ ಒಂದು ತುದಿ ಎಲ್ಲೋ ಸಿಕ್ಕಿಕೊಂಡರೆ, ಲಾಡಿ ಎಳೆದ ಲಂಗದ ನೆರಿಗೆಯ ಹಾಗೆ ಕರುಳು ಅದರ ಮೇಲೆ ಮುದುಡಿಕೊಳ್ಳುತ್ತದೆ, ದಾರ ಗರಗಸವಾಗುತ್ತದೆ. ಬಾಯಲ್ಲೋ ಹಿಂದೆಯೋ ದಾರ ಇಣುಕಿದರೆ ಎಳೆಯಬೇಡಿ, ಕರೆದುಕೊಂಡು ಹೋಗಿ. ಕೀಂ ಕೀಂ ಅನ್ನುವ ಗೊಂಬೆಯೂ ಬೇಡ. ಆ ಶಬ್ದದ ಪೀಪಿ ಹೊಟ್ಟೆ ಸೇರುತ್ತದೆ. ಟೆನಿಸ್ ಚೆಂಡು ಎಸೆದು ತರಿಸುವ ಆಟಕ್ಕೆ ಮಾತ್ರ, ಆಟ ಮುಗಿದೊಡನೆ ಎತ್ತಿಡಿ. ಅದರ ಒರಟು ಜುಂಗು ಹಲ್ಲನ್ನು ಸವೆಸುತ್ತದೆ, ಒತ್ತಿ ಚಪ್ಪಟೆಯಾಗಿ ಗಂಟಲಿಗೂ ಇಳಿದೀತು. ಗಂಟು ಹಾಕಿದ ಬಿಳಿ ‘ಮೂಳೆ’ ಎಂದು ಮಾರುವುದು ಮೂಳೆಯಲ್ಲ, ಸಂಸ್ಕರಿಸಿದ ಚರ್ಮ. ನೆನೆದಂತೆ ಉಬ್ಬುತ್ತದೆ, ಆತುರದವನು ಅದನ್ನು ಇಡಿಯಾಗಿ ನುಂಗುತ್ತಾನೆ.

ಖಾಲಿ ರಬ್ಬರಿಗಿಂತ ತುಂಬಿದ ರಬ್ಬರು ಮೇಲು. ಮಧ್ಯಾಹ್ನದ ಅವನ ಊಟದಲ್ಲೇ ಒಂದು ಪಾಲನ್ನು, ಒಗ್ಗರಣೆಯಿಲ್ಲದ ಮೊಸರನ್ನವೋ, ಉಪ್ಪಿಲ್ಲದ ರಾಗಿ ಮುದ್ದೆಯೋ, ಬೇಯಿಸಿದ ಕುಂಬಳವೋ, ಒಳಗೆ ಮೆತ್ತಿ ರಾತ್ರಿ ಫ್ರೀಜರಿನಲ್ಲಿಡಿ. ಕಡಿಯುವ ಬಾಯಿ ನೆಕ್ಕತೊಡಗುತ್ತದೆ, ಬಹಳ ಹೊತ್ತು ಹಿಡಿಯುತ್ತದೆ. ಪೀನಟ್ ಬಟರ್ ಆದರೆ ಡಬ್ಬದ ಹಿಂದೆ ಕ್ಸೈಲಿಟಾಲ್ ಎಂದು ಬರೆದಿದೆಯೇ ಓದಿ. ಆ ಸಿಹಿ ನಾಯಿಗೆ ಪ್ರಾಣಾಂತಕ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಮೊದಲ ಎರಡು ವಾರ ನೀವು ಮನೆಯಲ್ಲಿರುವಾಗಲೇ ಕೊಟ್ಟು, ರಬ್ಬರನ್ನು ಕಿತ್ತು ನುಂಗುವುದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಅತ್ತೆ ಮಲಗಿರುವ ಹೊತ್ತಿಗೆ ಕೊಡಿ. ಅಂಚು ಹರಿದದ್ದು ಕಂಡ ದಿನವೇ ಕಸಕ್ಕೆ.

ಬೆಳಿಗ್ಗೆ ಅವನನ್ನು ಎಷ್ಟು ಹೊತ್ತು ತಿರುಗಾಡಿಸುತ್ತೀರೆಂದು ನೀವು ಬರೆದಿಲ್ಲ. ಬೀದಿ ಮೂಸಿಕೊಂಡು ಮುಕ್ಕಾಲು ಗಂಟೆ ನಡೆದ ಲ್ಯಾಬ್ರಡಾರ್ ಮಧ್ಯಾಹ್ನ ಬಹುಪಾಲು ನಿದ್ದೆ ಮಾಡುತ್ತದೆ. ಮನೆ ಖಾಲಿಯಾದಾಗ ಬಾಗಿಲು, ಚೌಕಟ್ಟನ್ನೇ ಹುಡುಕಿ ಕಡಿಯುತ್ತಾನೆ, ಕಿರುಚುತ್ತಾನೆ ಎಂದಾದರೆ ಅದು ಒಂಟಿತನದ ಭಯ. ಆಟಿಕೆಯಿಂದ ಅದು ಹೋಗುವುದಿಲ್ಲ, ಮತ್ತೆ ಬರೆಯಿರಿ.

ಮಗನಿಗೆ ಹೇಳಿ: ಹಳೇ ಚಪ್ಪಲಿ, ಹೊಸ ಚಪ್ಪಲಿ ಎಂಬ ಭೇದ ಶೇರುವಿಗೆ ತಿಳಿಯದು. ಅತ್ತೆಯವರ ಕಾಲದ ನಾಯಿಗಳು ಹಗಲೆಲ್ಲ ಊರು ಸುತ್ತುತ್ತಿದ್ದವು, ಅವಕ್ಕೆ ಆಟಿಕೆ ಬೇಕಿರಲಿಲ್ಲ, ಆ ಮಾತು ನಿಜ. ಕೋಳಿ ಮೂಳೆಯ ವಿಷಯ ಮಾತ್ರ ಒಪ್ಪಲಾಗದು. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ. ಮೂಳೆ ತೆಗೆದ ಕೋಳಿಯನ್ನು ಉಪ್ಪು, ಖಾರ, ಮಸಾಲೆ ಹಾಕದೆ ಬೇಯಿಸಿ, ಎಳೆಯಾಗಿ ಬಿಡಿಸಿ ಅವನ ತಟ್ಟೆಗೆ ಹಾಕಲಿ.